ಭಾರ ಹೊರುವ ಬೋದಿಗೆ

ಇಂಗ್ಲೆಂಡಿನ ಬೋಲ್ಟನ್ ಊರಿನ ಒಂದು ಚೀನೀ ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಕೆಂಪು ಕಂಬಕ್ಕೆ ಚಂದ್ರಪ್ರಭಾ ಭುಜ ಕೊಟ್ಟು ನೂಕಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತು ನನ್ನ ಹುಟ್ಟುಹಬ್ಬ. ಮಧ್ಯಾಹ್ನದ ಊಟಕ್ಕೆಂದು ಹೊಸ ಸೀರೆ ಉಟ್ಟು, ಅದರ ಮೇಲೆ ದಪ್ಪ ಕೋಟು ಹಾಕಿಕೊಂಡು ಹೋಗಿದ್ದೆ. ಇವಳು ಒಳಗೆ ಬರುವುದು ಬಿಟ್ಟು ಕಂಬವನ್ನು ಬೆರಳಿನಿಂದ ತಟ್ಟಿದಳು, ಕಿವಿ ಇಟ್ಟು ಕೇಳಿದಳು, ಆಮೇಲೆ ಭುಜ ಕೊಟ್ಟಳು. ಕಂಬ ಅಲ್ಲಾಡಿತು. ಒಳಗಿನಿಂದ ಓಡಿ ಬಂದ ಮಾಲೀಕನನ್ನು, "ಈ ಕಂಬ ಏನನ್ನು ಹೊತ್ತಿದೆ?" ಎಂದು ಕೇಳಿದಳು. ಆತ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲೈಟಿನ ಸರ," ಎಂದ. ಪಾಪ, ನಿಜವನ್ನೇ ಹೇಳಿದ್ದ. ಇವಳು ಮಾತ್ರ ಯಾರೋ ತನ್ನ ಮನೆಯ ಹಿರಿಯರನ್ನು ಬೈದರೇನೋ ಎಂಬಂತೆ ಊಟ ಮುಗಿಯುವವರೆಗೂ ಮುಖ ಊದಿಸಿಕೊಂಡಿದ್ದಳು.

ಇಂಥವಳ ಜೊತೆ ನಾನು ಸ್ಟಾಕ್‌ಪೋರ್ಟಿನ ಒಂದು ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಬಾಳಿದೆ. ನಾನು ಮಧುರಾ, ಮೈಸೂರಿನವಳು, ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಅವಳು ಮೂಡುಬಿದಿರೆಯವಳು. ಸುರತ್ಕಲ್ಲಿನಲ್ಲಿ ಸಿವಿಲ್ ಓದಿ, ಶೆಫೀಲ್ಡಿನಲ್ಲಿ ಎಂ.ಎಸ್ಸಿ. ಮಾಡಿ, ಮ್ಯಾಂಚೆಸ್ಟರಿನ ಒಂದು ಕಚೇರಿಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದಳು. ಬೆಳಿಗ್ಗೆ ನಾನು ದಕ್ಷಿಣದ ರೈಲು ಹತ್ತಿದರೆ ಅವಳು ಉತ್ತರದ್ದು. ನಡುವೆ ಸ್ಟಾಕ್‌ಪೋರ್ಟ್ ಬಿದ್ದಿತ್ತು, ಹಾಗಾಗಿ ಅಲ್ಲಿ ಮನೆ.

ಅವಳು ಜೈನರ ಮನೆಯವಳು. ನೆಲದೊಳಗೆ ಬೆಳೆದದ್ದನ್ನು ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಬೇಸಿಗೆಯಲ್ಲಿ ಇದು ಸುಖದ ನೇಮ, ಎಷ್ಟು ಹೊತ್ತಾದರೂ ಬೆಳಕು ಇದ್ದೇ ಇರುತ್ತದೆ. ಡಿಸೆಂಬರಿನಲ್ಲಿ ಈ ಊರಿನ ಸೂರ್ಯ ಸರ್ಕಾರಿ ಗುಮಾಸ್ತನಿಗಿಂತ ಮೊದಲೇ ಮನೆಗೆ ಹೊರಡುತ್ತಾನೆ. ಆಗ ಅವಳು ಕಚೇರಿಯ ಮೇಜಿನ ಮೇಲೇ ಡಬ್ಬಿ ಬಿಚ್ಚಿ ರಾತ್ರಿಯ ಊಟ ಮುಗಿಸುತ್ತಿದ್ದಳು. ಸಹೋದ್ಯೋಗಿಗಳು ನಕ್ಕರೆ ಅವಳೂ ನಗುತ್ತಿದ್ದಳು, ಡಬ್ಬಿ ಮಾತ್ರ ಮುಚ್ಚುತ್ತಿರಲಿಲ್ಲ. ಅವಳ ಸ್ವಭಾವ ತಿಳಿಯಲು ಇಷ್ಟು ಸಾಕು.

ಕಂಬ ತಟ್ಟುವ ಚಾಳಿ ಬಂದದ್ದು ಊರಿನ ಸಾವಿರ ಕಂಬದ ಬಸದಿಯಿಂದ. ಚಿಕ್ಕವಳಿದ್ದಾಗ ಅಜ್ಜಿ ಪೂಜೆಗೆಂದು ಕರೆದುಕೊಂಡು ಹೋದರೆ ಇವಳು ಕಂಬಗಳ ತಲೆಯನ್ನೇ ನೋಡುತ್ತಾ ಅಲೆಯುತ್ತಿದ್ದಳಂತೆ. ಕಂಬದ ತಲೆಯ ಮೇಲೆ ಕೂತು, ಎರಡೂ ಕಡೆಗೆ ಕೈ ಚಾಚಿ ತೊಲೆಯನ್ನು ಹೊರುವ ತುಂಡಿಗೆ ಬೋದಿಗೆ ಎನ್ನುತ್ತಾರೆ. ಹಳೆಯ ಮನೆಗಳಲ್ಲಿ ಮರದ್ದು, ಬಸದಿಯಲ್ಲಿ ಕಲ್ಲಿನದು. ಬಸದಿಯ ಮೇಲಿನ ಅಂತಸ್ತುಗಳಿಗೆ ಮರದ ಇಳಿಜಾರು ಮಾಡು, ಅಂದರೆ ಚಾವಣಿ. ಕೆಳಗೆ ಜಗಲಿಯ ಕಲ್ಲಿನಲ್ಲಿ ಒಂದು ಡ್ರ್ಯಾಗನ್ ಕೂಡ ಇದೆ. ಅದು ಹಡಗಿನಲ್ಲಿ ಬಂದ ವ್ಯಾಪಾರಿಗಳ ಜೊತೆ ಬಂತೋ, ಕೆತ್ತಿದವನ ತಲೆಯೊಳಗಿಂದ ಬಂತೋ, ತಿಳಿದವರು ಜಗಳವಾಡಿಕೊಳ್ಳಲಿ. ಶೆಫೀಲ್ಡಿನ ಲೈಬ್ರರಿಯಲ್ಲಿ ಒಂದು ದಿನ ಚೀನದ ಹಳೆಯ ಕಟ್ಟಡಗಳ ನಕ್ಷೆಗಳನ್ನು ನೋಡಿ ಇವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳಂತೆ. ಕಂಬದ ಮೇಲೆ ಒಂದು ಬೋದಿಗೆ, ಅದರ ಮೇಲೆ ಅಡ್ಡಕ್ಕೆ ಇನ್ನೊಂದು, ಅದರ ಮೇಲೆ ಮತ್ತೂ ಅಗಲವಾದದ್ದು. ಹೀಗೆ ಅಡುಕಿಕೊಂಡು ಹೋಗಿ, ಮೊಳೆಯಿಲ್ಲದೆ ಅಂಟಿಲ್ಲದೆ, ಗೋಡೆಯಿಂದ ಎಷ್ಟೋ ಆಚೆಗೆ ಚಾಚಿದ ಸೂರನ್ನು ಹೊತ್ತಿತ್ತು.

"ನಮ್ಮ ಬೋದಿಗೆಗೆ ಇಷ್ಟು ದೊಡ್ಡ ಕುಟುಂಬ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ," ಎಂದು ನನಗೆ ಹೇಳಿದಾಗಲೂ ಅವಳ ಕಣ್ಣು ಹೊಳೆಯುತ್ತಿತ್ತು.

ಮ್ಯಾಂಚೆಸ್ಟರಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದ ವರ್ಷ ಲಾವ್ ಎಂಬ ವ್ಯಾಪಾರಿ ಇವಳ ಕಚೇರಿಗೆ ಬಂದ. ಹಾಂಗ್‌ಕಾಂಗಿನ ಹಳ್ಳಿಯ ಕಡೆಯವನು. ಯಾರದೋ ಟೇಕ್‌ಅವೇಯ ಅಡುಗೆಮನೆಯಲ್ಲಿ ಪಾತ್ರೆ ಉಜ್ಜಿ ಮೇಲೆ ಬಂದು, ಈಗ ಅರ್ಧ ಉತ್ತರ ಇಂಗ್ಲೆಂಡಿನ ಚೀನೀ ಹೋಟೆಲುಗಳಿಗೆ ಅಕ್ಕಿ, ಸಾಸು, ತರಕಾರಿ ಸರಬರಾಜು ಮಾಡುತ್ತಿದ್ದ. ಆರ್ಡ್‌ವಿಕ್ ಹತ್ತಿರ, ನಮ್ಮ 192 ನಂಬರ್ ಬಸ್ಸು ಓಡುವ ದಾರಿಯಲ್ಲೇ ಜಾಗ ಕೊಂಡಿದ್ದ. ಕೆಳಗೆ ಸೂಪರ್‌ಮಾರ್ಕೆಟ್, ಮೇಲಿನ ಮಹಡಿಗಳು ಆಫೀಸುಗಳಿಗೆ ಬಾಡಿಗೆಗೆ. ತನ್ನ ಜನ ನೋಡಿದ ಕೂಡಲೇ ಇದು ನಮ್ಮದು ಅನ್ನಬೇಕು, ಆದರೆ ಮೇಲೆ ಬಾಡಿಗೆಗೆ ಬರುವ ವಕೀಲನಿಗೆ ಹೋಟೆಲಿನ ಅಟ್ಟದಲ್ಲಿ ಕೂತ ಹಾಗೆ ಅನ್ನಿಸಬಾರದು. ಇಷ್ಟೇ ಅವನ ಬೇಡಿಕೆ.

ಕಚೇರಿಯ ಯಜಮಾನ ಮಾರ್ಟಿನ್ ಒಂದು ವಾರದಲ್ಲಿ ನಕ್ಷೆ ಬಿಡಿಸಿದ. ಉಕ್ಕಿನ ಚೌಕಟ್ಟು, ಗಾಜಿನ ಗೋಡೆ, ಎಲ್ಲ ಊರಿನಲ್ಲೂ ಇರುವಂಥ ಪೆಟ್ಟಿಗೆ. ಅದರ ಹಣೆಗೆ ಫೈಬರ್‌ಗ್ಲಾಸಿನಲ್ಲಿ ಅಚ್ಚು ಹೊಯ್ದ, ತುದಿ ಮೇಲಕ್ಕೆ ಬಾಗಿದ ಸೂರು. ಕೆಳಗೆ ಸಾಲಾಗಿ ಫೈಬರ್‌ಗ್ಲಾಸಿನದೇ ಬೋದಿಗೆಗಳು. ಇವೆಲ್ಲ ಬಿದ್ದುಹೋಗದಂತೆ ಉಕ್ಕಿನಿಂದ ನೇತುಹಾಕುವ ಲೆಕ್ಕ ಮಾಡುವುದು ಚಂದ್ರಪ್ರಭಾಳ ಪಾಲಿಗೆ ಬಂತು.

ಅವತ್ತು ಅವಳು ಮನೆಗೆ ಬಂದ ರಭಸಕ್ಕೆ ಬಾಗಿಲು ಗೋಡೆಗೆ ಬಡಿಯಿತು.

"ಬೋದಿಗೆಯನ್ನು ನೇತುಹಾಕುದಂತೆ! ಬೋಲ್ಟಿನಲ್ಲಿ! ತೊಲೆಯನ್ನು ಹೊರ್ಬೇಕಾದ್ದು ತೊಲೆಗೆ ಜೋತುಬೀಳುದು. ಎಂತ ಕರ್ಮ ಇದು?"

"ನೋಡೋಕೆ ಚೆನ್ನಾಗಿದ್ರೆ ಸಾಕಲ್ವೇನೇ? ನಿಂಗ್ಯಾಕೆ ಅಷ್ಟು ಉರಿ?" ಎಂದೆ.

"ನಿನ್ನ ಲ್ಯಾಬಿನಲ್ಲಿ ಸೀಮೆಸುಣ್ಣವನ್ನು ಮಾತ್ರೆ ಹಾಗೆ ಅಚ್ಚು ಹೊಯ್ದು ಕೊಡ್ತಾರಾ? ನೋಡ್ಲಿಕ್ಕೆ ಚಂದ ಉಂಟಲ್ಲ, ನುಂಗು."

ನಾನು ಎದ್ದು ಹೋಗಿ ಕುಕ್ಕರಿನ ಮೇಲೆ ಸಿಟ್ಟು ತೀರಿಸಿಕೊಂಡೆ.

ಮುಂದಿನ ಕೆಲವು ವಾರ ನಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ಅವಳು ತನ್ನದೇ ನಕ್ಷೆ ಬಿಡಿಸುತ್ತಿದ್ದಳು. ಪೆಟ್ಟಿಗೆಯನ್ನು ಅವಳು ಬೈಯಲಿಲ್ಲ, ಅದು ಅಚ್ಚರಿ. ಆಫೀಸುಗಳನ್ನು ಉಕ್ಕೇ ಹೊರಲಿ, ಲಿಫ್ಟು ಗಾಜು ಎಲ್ಲ ಇರಲಿ ಎಂದಳು. ಆದರೆ ರಸ್ತೆಯ ಕಡೆ ಅಂಗಡಿಯ ಉದ್ದಕ್ಕೂ ಓಕ್ ಮರದ ಕಂಬಗಳು, ಕಂಬಗಳ ಮೇಲೆ ಅಡುಕಿದ ಓಕ್ ಬೋದಿಗೆಗಳು, ಅವುಗಳ ಮೇಲೆ ಅಗಲವಾದ ಹೆಂಚಿನ ಸೂರು. ಹೆಂಚಿನ ಭಾರವೆಲ್ಲ ಬೋದಿಗೆಯ ಮೇಲೆ, ಉಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಆ ಸೂರಿನ ಕೆಳಗೆ ಲಾವ್‌ನ ತರಕಾರಿ ಕ್ರೇಟುಗಳು ಮಳೆಗೆ ನೆನೆಯದೆ ಹೊರಗೇ ಇರಬಹುದು, ಬಸ್ಸು ಕಾಯುವವರು ನಿಲ್ಲಬಹುದು, ಮಧ್ಯಾಹ್ನದ ಬಿಸಿಲು ಅಂಗಡಿಯ ಗಾಜಿಗೆ ಹೊಡೆಯುವುದಿಲ್ಲ. ವರ್ಷವಿಡೀ ಮಳೆ ಸುರಿಯುವ ಊರಿನಲ್ಲಿ ಒಂದು ಅಂಗಡಿಗೂ ನೆಟ್ಟಗೊಂದು ಸೂರಿಲ್ಲವಲ್ಲ ಎಂದು ನನಗೆ ಹೊಳೆದದ್ದು ಆಗಲೇ.

ಕಚೇರಿಯಲ್ಲಿ ನಡೆದದ್ದನ್ನೆಲ್ಲ ಅವಳು ಮನೆಗೆ ಬಂದು ಪಾತ್ರ ಸಮೇತ ಅಭಿನಯಿಸಿ ತೋರಿಸುತ್ತಿದ್ದಳು. ಮಾರ್ಟಿನ್ ಕೆಟ್ಟವನಲ್ಲ. ಯಾರ ಮೇಲೂ ದನಿ ಏರಿಸುವವನಲ್ಲ, ಎಲ್ಲವನ್ನೂ ಮೆಲ್ಲಗೆ ಇಲ್ಲ ಎನ್ನುವವನು. ಅವಳ ನಕ್ಷೆಯನ್ನು ನೋಡಿ, "ಚಂದ್ರಾ, ನೀವು ಭಾರತದವರು. ಚೀನದ ಮರಗೆಲಸ ನಿಮಗೆ ಹೇಗೆ ಗೊತ್ತು?" ಎಂದನಂತೆ.

"ನೀವು ಸ್ಟಾಕ್‌ಪೋರ್ಟಿನವರು. ಫೈಬರ್‌ಗ್ಲಾಸಿನ ಚೀನೀ ಸೂರು ನಿಮಗೆ ಹೇಗೆ ಗೊತ್ತೋ ಹಾಗೆ," ಎಂದಳಂತೆ ಇವಳು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಫೈಬರ್‌ಗ್ಲಾಸ್ ಏರಿದರೆ ಆ ಕಟ್ಟಡದ ಯಾವ ನಕ್ಷೆಯ ಮೇಲೂ ತನ್ನ ಸಹಿ ಇರುವುದಿಲ್ಲ, ತಾನೂ ಇರುವುದಿಲ್ಲ ಎಂದು ಲಾವ್‌ನ ಎದುರೇ ಹೇಳಿ ಬಂದಳು.

ಇದನ್ನು ಕೇಳಿ ನಾನು ಒಲೆ ಆರಿಸಿ ಅವಳ ಎದುರು ಬಂದು ನಿಂತೆ. ಅವಳು ಈ ದೇಶದಲ್ಲಿದ್ದದ್ದು ವರ್ಕ್ ಪರ್ಮಿಟ್ ಮೇಲೆ, ಅದು ಆ ಕಚೇರಿಯ ಹೆಸರಿನಲ್ಲಿ. ಕೆಲಸ ಹೋದರೆ ಪರ್ಮಿಟ್ಟೂ ಹೋದ ಹಾಗೆ. ನಾಲ್ಕು ವರ್ಷ ತುಂಬಿದರೆ ಕಾಯಂ ಆಗಿ ಇರಲು ಅನುಮತಿ ಸಿಗುತ್ತದೆ, ಅದಕ್ಕೆ ಕಚೇರಿಯವರ ಪತ್ರ ಬೇಕು. ಅವಳಿಗೆ ಇನ್ನು ಸ್ವಲ್ಪವೇ ಬಾಕಿಯಿತ್ತು.

"ಸ್ಟ್ಯಾಂಪ್ ಬೀಳೋವರೆಗೆ ತೆಪ್ಪಗಿರೋಕೆ ಏನೇ ಧಾಡಿ ನಿಂಗೆ? ಆಮೇಲೆ ಬೇಕಾದ್ರೆ ಮಾರ್ಟಿನ್ ತಲೆ ಮೇಲೆ ಹೆಂಚು ಒಡಿ. ಯಾರು ಬೇಡ ಅಂತಾರೆ?" ಎಂದು ಕೂಗಾಡಿದೆ.

"ಆಮೇಲೆ ಅಂದ್ರೆ ಕಟ್ಟಡ ಎದ್ದಿರ್ತದೆ ಮಧುರಾ. ಕಟ್ಟಡಕ್ಕೆ ಆಮೇಲೆ ಅಂತ ಇಲ್ಲ."

"ಯಾರದೋ ಚೀನೀ ಅಂಗಡಿ ಕಣೇ!"

"ನಾನು ಮಾಡಿದ ಲೆಕ್ಕ ಅದು. ನನ್ನದೇ."

ಲಾವ್ ಇಬ್ಬರ ಮಾತನ್ನೂ ಕೇಳಿ ತನ್ನ ತೀರ್ಪು ಕೊಟ್ಟ. ಅವನಿಗೆ ಕಣ್ಣೀರು ತರಿಸುವ ಊರಿನ ನೆನಪುಗಳೇನೂ ಬೇಕಿರಲಿಲ್ಲ. ಒಂದು ಅಂಕಣವನ್ನು, ಅಂದರೆ ಎರಡು ಕಂಬಗಳ ನಡುವಿನಷ್ಟು ಸೂರನ್ನು, ಪೂರ್ಣ ಅಳತೆಯಲ್ಲಿ ಮಾಡಿಸಿ ಭಾರ ಹೇರಿ ತೋರಿಸಿ, ನಿಂತರೆ ಮರ, ಬಿದ್ದರೆ ಫೈಬರ್‌ಗ್ಲಾಸ್ ಎಂದ. ಮರಳಿನ ಮೂಟೆಗೆ ಹಣ ದಂಡ ಮಾಡಬೇಡಿ, ನನ್ನ ಗೋದಾಮಿನ ಅಕ್ಕಿ ಮೂಟೆ ತನ್ನಿ ಎಂದೂ ಸೇರಿಸಿದ. ವ್ಯಾಪಾರಿ ಎಂದರೆ ಹೀಗಿರಬೇಕು.

ಪರೀಕ್ಷೆ ನಡೆದದ್ದು ಡಿಸೆಂಬರಿನ ಒಂದು ಶನಿವಾರ, ಮ್ಯಾಕಲ್ಸ್‌ಫೀಲ್ಡ್ ಆಚೆಯ ಮರದ ಯಾರ್ಡಿನಲ್ಲಿ. ಜೊತೆಗೆ ಬಾ ಎಂದು ಅವಳು ಕರೆಯಲಿಲ್ಲ, ಒಬ್ಬಳೇ ಸೋಲಲಿ ಎಂದು ಬಿಡಲು ನನಗೆ ಮನಸ್ಸು ಬರಲಿಲ್ಲ. ಕಣ್ಣಿನವರೆಗೆ ಇಳಿಯುವ ಹೆಲ್ಮೆಟ್ಟೊಂದನ್ನು ನನ್ನ ತಲೆಗೆ ಹಾಕಿ ಮೂಲೆಯಲ್ಲಿ ನಿಲ್ಲಿಸಿದರು. ಮಾರ್ಟಿನ್ ಬಂದಿದ್ದ, ಲಾವ್ ಬಂದಿದ್ದ. ಕಂಟ್ರಾಕ್ಟರನ ಕಡೆಯ ಮೇಸ್ತ್ರಿ ಡೆರೆಕ್ ಎಂಬಾತ ಸೂರು ಎಷ್ಟು ತಗ್ಗುತ್ತದೆಂದು ತೋರಿಸುವ ಮುಳ್ಳಿನ ಮುಂದೆ ಕೂತಿದ್ದ.

ಅಕ್ಕಿ ಮೂಟೆಗಳು ಸೂರಿನ ಮೇಲೆ ಏರತೊಡಗಿದವು. ಅರ್ಧ ಏರುವಷ್ಟರಲ್ಲಿ ಮರ ನರಳಿತು. ಇನ್ನಷ್ಟು ಏರಿದಾಗ ಬೋದಿಗೆಗಳೆಲ್ಲ ಒಟ್ಟಿಗೆ ಕಟಕಟ ಎಂದವು, ಸೂರಿನ ಅಂಚು ನೋಡುನೋಡುತ್ತಲೇ ಕೆಳಗಿಳಿಯಿತು. ಡೆರೆಕ್ ಕೈ ಎತ್ತಿ, "ಸಾಕು! ಮಿತಿ ದಾಟಿತು, ಫೇಲ್," ಎಂದು ಕೂಗಿದ. ಮಾರ್ಟಿನ್ ನಿಜಕ್ಕೂ ಬೇಜಾರಿನ ಮುಖ ಮಾಡಿಕೊಂಡು ಇವಳ ಹತ್ತಿರ ಬಂದ.

"ಫೇಲ್ ಅಲ್ಲ. ಕೂತುಕೊಳ್ಳುತ್ತಿದೆ," ಎಂದಳು ಚಂದ್ರಪ್ರಭಾ.

ಅವಳು ಹೇಳಿದ್ದು ಸುಳ್ಳಲ್ಲ. ಮೊಳೆ ಅಂಟು ಇಲ್ಲದ ಜೋಡಣೆ ಮೊದಲ ಸಲ ಭಾರ ಬಿದ್ದಾಗ ಸಂದುಗಳೆಲ್ಲ ಮುಚ್ಚಿಕೊಳ್ಳುವವರೆಗೆ ತಗ್ಗುತ್ತದೆ. ಮೂಡುಬಿದಿರೆಯ ಕಡೆ ಹೊಸ ಮಾಡು ಕಟ್ಟಿದರೆ, ಹೆಂಚು ಹೊದಿಸಿ ಒಂದು ಮಳೆಗಾಲ ಕಳೆಯಲಿ, ಮನೆ ಕೂತುಕೊಳ್ಳಲಿ, ಆಮೇಲೆ ಬಾಗಿಲಿನ ಅಳತೆ ತೆಗೆಯೋಣ ಎನ್ನುತ್ತಾರಂತೆ. ಮೊದಲ ಭಾರ ಹೇರಿ ಇಳಿಸಿ, ಮುಳ್ಳನ್ನು ಸೊನ್ನೆಗೆ ತಂದು, ಎರಡನೆಯ ಸಲದ್ದನ್ನು ಮಾತ್ರ ಅಳೆಯಬೇಕೆಂದು ಅವಳು ಮೊದಲೇ ಬರೆದುಕೊಟ್ಟಿದ್ದಳು. ಉಕ್ಕು ಕಾಂಕ್ರೀಟಿನಲ್ಲೇ ಬೆಳೆದ ಡೆರೆಕ್ ಆ ಸಾಲನ್ನು ಯಾರೂ ಪಾಲಿಸದ ಮಾಮೂಲಿ ಸೂಚನೆ ಎಂದುಕೊಂಡು ಮೊದಲ ಇಳಿತವನ್ನೇ ಹಿಡಿದುಬಿಟ್ಟಿದ್ದ.

"ಈಗ ಮೂಟೆ ಇಳಿಸಿ ಮತ್ತೆ ಹೇರುವಷ್ಟರಲ್ಲಿ ಕತ್ತಲಾಗುತ್ತದೆ. ನಮ್ಮವರಿಗೆ ಮನೆಗೆ ಹೋಗಬೇಕು," ಎಂದ ಡೆರೆಕ್.

ಚಂದ್ರಪ್ರಭಾ ಕೋಟು ಬಿಚ್ಚಿ ನನ್ನ ಕೈಗೆ ತುರುಕಿದಳು. ಅಟ್ಟಣಿಗೆ ಹತ್ತಿ ಮೊದಲ ಮೂಟೆಯನ್ನು ತಾನೇ ಎಳೆದಳು. ಅದು ಅವಳ ಅರ್ಧ ತೂಕವಿದ್ದೀತು. ಯಾರೂ ಅಲುಗಾಡಲಿಲ್ಲ. ನಾನು ಎರಡೂ ಕೋಟುಗಳನ್ನು ಮಾರ್ಟಿನ್‌ನ ಕೈಗೆ ಕೊಟ್ಟು, ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಬೈಯುತ್ತಾ, ಅವಳ ಹಿಂದೆ ಹತ್ತಿದೆ. ನನ್ನ ಬೆನ್ನು ಅವತ್ತಿನಿಂದ ಸರಿಯಿಲ್ಲ.

ಒಂದಷ್ಟು ಮೂಟೆ ಇಳಿದ ಮೇಲೆ ಲಾವ್ ಕೆಳಗಿನಿಂದ ಕೇಳಿದ. "ಎರಡನೆಯ ಸಲವೂ ಹೀಗೇ ಇಳಿದರೆ?"

"ಆಗ ಫೈಬರ್‌ಗ್ಲಾಸ್ ಹಾಕಿ. ನಾನು ಊರಿಗೆ ಹೋಗುತ್ತೇನೆ."

ಲಾವ್ ತನ್ನ ಲಾರಿಯ ಜನರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದ. ದಿನಾ ಅಕ್ಕಿ ಹೊರುವವರು ಅವರು. ನಾವಿಬ್ಬರು ಏದುಸಿರು ಬಿಡುತ್ತಾ ಬದಿಗೆ ಸರಿಯುವಷ್ಟರಲ್ಲಿ ಎಲ್ಲವನ್ನೂ ಇಳಿಸಿ, ಡೆರೆಕ್ ಮುಳ್ಳನ್ನು ಸೊನ್ನೆಗೆ ತಂದ ಮೇಲೆ, ಮತ್ತೆ ಹೇರಿದರು. ಕೊನೆಯ ಮೂಟೆ ಏರಿದಾಗ ಬೆಟ್ಟದ ಹಿಂದೆ ಬೆಳಕು ಕೆಂಪಾಗುತ್ತಿತ್ತು. ಭಾರ ಸ್ವಲ್ಪ ಹೊತ್ತು ಹಾಗೇ ನಿಲ್ಲಬೇಕಿತ್ತು. ಎಲ್ಲರೂ ಮುಳ್ಳನ್ನೇ ನೋಡುತ್ತಿದ್ದರೆ, ಚಂದ್ರಪ್ರಭಾ ಮಿಕ್ಕ ಒಂದು ಅಕ್ಕಿ ಮೂಟೆಯ ಮೇಲೆ ಕೂತು ಡಬ್ಬಿ ಬಿಚ್ಚಿ ಮೊಸರವಲಕ್ಕಿ ತಿನ್ನತೊಡಗಿದಳು.

"ಈಗಲಾ?" ಎಂದ ಮಾರ್ಟಿನ್, ಅವನ ಜನ್ಮದಲ್ಲಿ ಮೊದಲ ಬಾರಿಗೆ ದನಿ ಏರಿಸಿ.

"ಸೂರ್ಯ ಹೋಗುತ್ತಿದ್ದಾನೆ," ಎಂದಳು ಅವಳು, ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ.

ಮುಳ್ಳು ಕದಲಿದ್ದು ಕೂದಲೆಳೆಯಷ್ಟು. ಮರ ಒಂದು ಸಲವೂ ನರಳಲಿಲ್ಲ. ಡೆರೆಕ್ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಲಾವ್ ಮೂಟೆಗಳನ್ನು ಗೋದಾಮಿಗೆ ವಾಪಸು ಸಾಗಿಸಲು ಹೇಳಿ ಕಾರು ಹತ್ತಿದ. ಸೋಮವಾರ ಮರದ ನಕ್ಷೆಗೆ ಒಪ್ಪಿಗೆ ಬಂತು, ಕೌನ್ಸಿಲ್ಲಿನವರೂ ಅದನ್ನೇ ಮಂಜೂರು ಮಾಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಸಿಹಿ ಹಂಚಿ ಸುಮ್ಮನಾಗುತ್ತಿದ್ದೆ. ಕಟ್ಟಡ ಎದ್ದಿತು, ಸೂರೂ ಏರಿತು. ಓಕಿನ ಕಂಬಗಳು ಬಸ್ಸಿನಿಂದಲೇ ಕಾಣುತ್ತಿದ್ದವು, ನಾನು ಪಕ್ಕದಲ್ಲಿ ಕೂತ ಅಪರಿಚಿತರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದೆ. ಅವಳ ನಾಲ್ಕು ವರ್ಷವೂ ತುಂಬಿತು. ಕಾಯಂ ಅನುಮತಿ ಕೊಡುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ಕೊಡುವ ಪತ್ರ ಮಾರ್ಟಿನ್‌ನ ಮೇಜಿನ ಮೇಲೆ ಸಹಿಗೆ ಕೂತಿತ್ತು.

ಅಂಗಡಿಯನ್ನು ಲಾವ್‌ಗೆ ಒಪ್ಪಿಸುವ ಮುಂಚಿನ ಶನಿವಾರ ಸೂರನ್ನು ಹತ್ತಿರದಿಂದ ನೋಡೋಣವೆಂದು ನಾನೂ ಅವಳ ಜೊತೆ ಹೋದೆ. ಅಟ್ಟಣಿಗೆ ಇನ್ನೂ ಬಿಚ್ಚಿರಲಿಲ್ಲ. ನನಗಿಂತ ಮೊದಲು ಮೇಲೆ ಹತ್ತಿದವಳು ಒಂದು ಬೋದಿಗೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟಳು. ಆಮೇಲೆ ತಟ್ಟಿದಳು. ಹಿಂದೆ, ಮರದ ಹಲಗೆ ಮುಚ್ಚಲಿರುವ ಜಾಗದಲ್ಲಿ, ಉಕ್ಕಿನ ಚೌಕಟ್ಟಿನಿಂದ ಸೂರಿನ ತೊಲೆಗೆ ಸಾಲಾಗಿ ಉಕ್ಕಿನ ಸರಳುಗಳು ಇಳಿದಿದ್ದವು. ಬೋದಿಗೆ ಜೋಡಿಸುವಾಗ ಆಸರೆಗೆಂದು ಹಾಕಿದ್ದು, ಕೆಲಸ ಮುಗಿದ ಮೇಲೆ ತೆಗೆಯಬೇಕಾದದ್ದು. ತೆಗೆದಿರಲಿಲ್ಲ. ಅದರ ಬದಲು ಇನ್ನಷ್ಟು ಬಿಗಿದಿದ್ದರು.

"ಒಂದು ಕಾಗದ ಕೊಡು," ಎಂದು ಕೈ ಚಾಚಿದಳು.

ನನ್ನ ಕೋಟಿನ ಜೇಬಿನಲ್ಲಿದ್ದದ್ದು ಅವತ್ತು ಹೋಗಿಬರಲೆಂದು ಕೊಂಡ ಬಸ್ ಟಿಕೆಟ್. ಕೊಟ್ಟೆ. ಅವಳು ಅದನ್ನು ಬೋದಿಗೆಗೂ ಅದರ ಮೇಲಿನ ತುಂಡಿಗೂ ನಡುವೆ ತೂರಿಸಿದಳು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಸಲೀಸಾಗಿ ಹೋಯಿತು. ಎಳೆದಳು, ಬಂತು. ಮತ್ತೆ ತೂರಿಸಿದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಅಷ್ಟು ದೊಡ್ಡ ಸೂರಿನ ಕೆಳಗೆ ಅವಳ ಬೋದಿಗೆಗಳು ಏನನ್ನೂ ಹೊತ್ತಿರಲಿಲ್ಲ.

ಮಾರ್ಟಿನ್ ಕೆಳಗೆ ಲಾವ್‌ಗೆ ಕಾರ್ ಪಾರ್ಕ್ ತೋರಿಸುತ್ತಿದ್ದ. ಇವಳು ಅಲ್ಲಿಂದಲೇ ಕೂಗಿ ಕರೆದಳು. ಅವನು ಅಟ್ಟಣಿಗೆ ಹತ್ತಿ ಬಂದು ಎಂದಿನ ಮೆಲುದನಿಯಲ್ಲಿ ವಿವರಿಸಿದ. ವಿಮೆಯವರು ಸಲಹೆ ಕೊಟ್ಟಿದ್ದಾರೆ, ಸರಳು ಇದ್ದರೆ ಯಾರಿಗೂ ಹೆದರಿಕೆಯಿಲ್ಲ, ಸೋಮವಾರ ಹಲಗೆ ಮುಚ್ಚಿದರೆ ಯಾರಿಗೂ ಕಾಣುವುದೂ ಇಲ್ಲ, ನೋಡಲು ಎಲ್ಲ ಒಂದೇ.

"ನೋಡಲು ಫೈಬರ್‌ಗ್ಲಾಸೂ ಒಂದೇ ಆಗಿತ್ತು," ಎಂದಳು ಚಂದ್ರಪ್ರಭಾ. "ಭಾರ ಬಿದ್ದರೆ ಮಾತ್ರ ಈ ಮರ ಗಟ್ಟಿ. ಭಾರ ಇಲ್ಲದಿದ್ದರೆ ಒಣಗಿ ಸಡಿಲವಾಗುತ್ತದೆ, ಗಾಳಿಗೆ ಅಲ್ಲಾಡುತ್ತದೆ, ಸಂದಿಗೆ ನೀರು ಇಳಿಯುತ್ತದೆ. ಆಮೇಲೆ ನೀವೇ, ನೋಡಿ ಮರ ತಡೆಯಲಿಲ್ಲ ಅನ್ನುತ್ತೀರಿ. ಮಂಜೂರಾದ ನಕ್ಷೆಯಲ್ಲಿ ಈ ಸರಳು ಇಲ್ಲ. ತೆಗೆಸಿ."

"ಚಂದ್ರಾ," ಎಂದ ಮಾರ್ಟಿನ್, ಇನ್ನೂ ಮೆಲ್ಲಗೆ. "ನಿಮ್ಮ ಪತ್ರಕ್ಕೆ ನಾನು ಈ ವಾರ ಸಹಿ ಮಾಡಬೇಕು. ಮನಸ್ಸು ಕಹಿ ಮಾಡಿಕೊಳ್ಳುವುದು ಬೇಡ."

ನನ್ನ ಮೈ ಉರಿಯಿತು. ಜೊತೆಗೆ, ಹೇಳಲು ನಾಚಿಕೆಯೇನು, ಹೆದರಿಕೆಯೂ ಆಯಿತು. "ಬಿಟ್ಬಿಡೇ, ಸೋಮವಾರ ಮಾತಾಡೋಣ," ಎಂದು ಅವಳ ತೋಳು ಹಿಡಿದೆ.

ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. "ಸೋಮವಾರ ಹಲಗೆ ಮುಚ್ತಾರೆ," ಎಂದಳು. ಆಮೇಲೆ ಅಟ್ಟಣಿಗೆಯ ಆ ತುದಿಯಲ್ಲಿ ಹಲಗೆಗೆ ಅಳತೆ ತೆಗೆಯುತ್ತಿದ್ದ ಡೆರೆಕ್‌ನ ಕಡೆ ತಿರುಗಿ ಸ್ಪ್ಯಾನರ್ ಕೇಳಿದಳು.

ಡೆರೆಕ್ ಮಾರ್ಟಿನ್‌ನನ್ನು ನೋಡಿದ, ಸೂರನ್ನು ನೋಡಿದ. ಸೊಂಟದ ಪಟ್ಟಿಯಿಂದ ಸ್ಪ್ಯಾನರ್ ತೆಗೆದು ಅಟ್ಟಣಿಗೆಯ ಹಲಗೆಯ ಮೇಲಿಟ್ಟು, "ನಾನು ಕೊಡಲಿಲ್ಲ, ನನ್ನ ಟೀ ಹೊತ್ತು," ಎಂದು ಇಳಿದು ಹೋದ. ಕೆಳಗಿನಿಂದ ಮಾತು ಕೇಳಿಸಿಕೊಂಡಿದ್ದ ಲಾವ್ ಅಷ್ಟರಲ್ಲಿ ಅಲ್ಲಿ ನಿಂತಿದ್ದವರನ್ನೆಲ್ಲ ರಸ್ತೆಯ ಆಚೆಗೆ ಅಟ್ಟುತ್ತಿದ್ದ. "ನಾನು ಕೇಳಿದ್ದು ಭಾರ ಹೊರುವ ಮರ," ಎಂದಷ್ಟೇ ಮಾರ್ಟಿನ್‌ಗೆ ಕೂಗಿ ಹೇಳಿ ತಾನೂ ದಾಟಿದ.

ಚಂದ್ರಪ್ರಭಾ ಒಂದೊಂದು ಸರಳಿನ ನಟ್ಟನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಹೋದಳು. ಕೊನೆಯವರೆಗೆ ಹೋಗಿ, ಮತ್ತೆ ಮೊದಲಿನಿಂದ. ಅವಸರವಿಲ್ಲ. ಮಾರ್ಟಿನ್ ಎರಡು ಸಲ ಅವಳ ಹೆಸರು ಕರೆದ, ಅವಳು ತಿರುಗಲಿಲ್ಲ. ಒಂದು ಹಂತದಲ್ಲಿ ಸೂರಿನ ಉದ್ದಕ್ಕೂ ಆ ಕಟಕಟ ಸದ್ದು ಓಡಿತು, ಹೆಂಚುಗಳು ಒಮ್ಮೆ ನಡುಗಿದವು, ನಾನು ಕಣ್ಣು ಮುಚ್ಚಿದೆ. ತೆರೆದಾಗ ಸರಳುಗಳು ಬಟ್ಟೆ ಒಣಗಿಸುವ ಹಗ್ಗದಂತೆ ಜೋಲಾಡುತ್ತಿದ್ದವು. ಸೂರು ಬೆರಳಿನಷ್ಟು ಕೆಳಗೆ ಬಂದು ನಿಂತಿತ್ತು. ನಿಂತೇ ಇತ್ತು.

ಮಾರ್ಟಿನ್ ಪತ್ರಕ್ಕೆ ಸಹಿ ಮಾಡಲಿಲ್ಲ. ಅವಳೂ ಕೇಳಲಿಲ್ಲ, ಸೋಮವಾರ ರಾಜೀನಾಮೆ ಕೊಟ್ಟಳು. ಲೀಡ್ಸಿನ ಒಂದು ಸಣ್ಣ ಕಚೇರಿ ಅವಳನ್ನು ತೆಗೆದುಕೊಂಡು ಪರ್ಮಿಟ್ಟನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿತು. ಹೋಮ್ ಆಫೀಸಿನ ಸ್ಟ್ಯಾಂಪು ತುಂಬಾ ತಡವಾಗಿ ಬಿತ್ತು, ಆ ನಡುವಿನ ತಿಂಗಳುಗಳಲ್ಲಿ ಫೋನು ಹೊಡೆದುಕೊಂಡರೆ ನೀನೆತ್ತು ನೀನೆತ್ತು ಎಂದು ಒಬ್ಬರನ್ನೊಬ್ಬರು ನೂಕುತ್ತಿದ್ದೆವು. ಕಟ್ಟಡಕ್ಕೆ ಯಾವುದೋ ಬಹುಮಾನ ಬಂತು. ಮಾರ್ಟಿನ್ ವೇದಿಕೆ ಹತ್ತಿ, ಪೂರ್ವದ ಪರಂಪರೆ ಮತ್ತು ಇಂದಿನ ವಾಣಿಜ್ಯ ಎಂದೇನೋ ಭಾಷಣ ಮಾಡಿದನಂತೆ. ಮಾಡಲಿ.

ಅವತ್ತು ಅಟ್ಟಣಿಗೆಯಿಂದ ಇಳಿಯುವ ಮುಂಚೆ ಅವಳು ಬೋದಿಗೆಯ ಸಂದಿನಲ್ಲಿ ಉಳಿದಿದ್ದ ನನ್ನ ಬಸ್ ಟಿಕೆಟ್ಟನ್ನು ಎಳೆದಳು. ಬರಲಿಲ್ಲ. ನಾನು ಎಳೆದೆ, ತುದಿ ಹರಿದು ಕೈಗೆ ಬಂತು, ಮಿಕ್ಕದ್ದು ಅಲ್ಲೇ ಉಳಿಯಿತು. ವಾಪಸು ಹೋಗಲು ನಾನು ಹೊಸ ಟಿಕೆಟ್ ಕೊಳ್ಳಬೇಕಾಯಿತು. ಎಡಗಡೆಯಿಂದ ಮೂರನೆಯ ಕಂಬ, ಕೆಳಗಿನಿಂದ ಎರಡನೆಯ ಬೋದಿಗೆ. ಅನುಮಾನವಿರುವವರು ಒಂದು ಏಣಿ ತೆಗೆದುಕೊಂಡು ಹೋಗಿ ಎಳೆದು ನೋಡಲಿ.